ಒಬ್ಬರೇ ಆಡುವ ಇಸ್ಪೀಟು

ಇಸ್ಪೀಟು ಎಂದ ಕೂಡಲೇ ನಮ್ಮ ಹಿರಿಯರು ಮುಖ ಗಂಟಿಕ್ಕುತ್ತಿದ್ದರು. ಆ ಎಲೆಗಳ ಹಿಂದೆ ಅವರಿಗೆ ಕಾಣುತ್ತಿದ್ದುದು ಅಡವಿಟ್ಟ ಗದ್ದೆ, ಮಾರಿದ ಬಳೆ, ಊರಾಚೆಯ ಕ್ಲಬ್ಬು, ಅಲ್ಲಿಗೆ ಆಗಾಗ ಬೀಳುವ ಪೋಲೀಸರ ದಾಳಿ. ಅವರ ಅಂಜಿಕೆಗೆ ಕಾರಣವಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಆದರೆ ಅದೇ ಕುಲದಲ್ಲಿ ಹುಟ್ಟಿದ, ಹಣ ಬೇಡದ, ಜೊತೆಗಾರರೂ ಬೇಡದ, ಗೆದ್ದರೂ ಯಾರನ್ನೂ ಸೋಲಿಸದ ಸಾಧು ಆಟವೊಂದಿದೆ. ಇಂಗ್ಲೆಂಡಿನವರು ಅದನ್ನು ‘ಪೇಷೆನ್ಸ್’ ಎಂದು ಕರೆದರು, ಎಂದರೆ ತಾಳ್ಮೆ. ಅಮೆರಿಕದವರು ‘ಸಾಲಿಟೇರ್’ ಎಂದರು, ಎಂದರೆ ಒಂಟಿ. ಕಂಪ್ಯೂಟರಿನ ಮುಂದೆ ಕುಳಿತು ಹೊಟ್ಟೆ ಹೊರೆಯುವ ನಮ್ಮಂಥವರಲ್ಲಿ ಇದನ್ನು ಒಮ್ಮೆಯೂ ಆಡದವರು ಅಪರೂಪ. ವಿಡಿಯೋ ಆಟವೆಂದರೆ ಹುಡುಗರು ಪರದೆಯ ಮೇಲೆ ಗುಂಡು ಹಾರಿಸುವುದು ಎಂದು ತಿಳಿದವರಿಗೆ, ದೊಡ್ಡವರು ದಣಿವಾರಿಸಿಕೊಳ್ಳಲು ಆಡುವ ಈ ಆಟವೂ ಅದೇ ಜಾತಿಯದೆಂದು ಹೊಳೆಯುವುದೇ ಇಲ್ಲ. ಪರದೆಗೆ ಬರುವ ಮೊದಲೇ ಅದು ಇನ್ನೂರು ವರ್ಷ ಬಾಳಿ ಬಂದ ಆಟವೆಂಬುದಂತೂ ಇನ್ನೂ ಕೆಲವರಿಗೇ ಗೊತ್ತು.

ಒಂಟಿಯಾಗಿ ಆಡುವುದು ನಮಗೇನೂ ಹೊಸತಲ್ಲ. ನಮ್ಮ ತುಳುನಾಡಿನ ಕಡೆ ಆಟಿ ತಿಂಗಳ ಜಡಿಮಳೆಯಲ್ಲಿ ಮನೆಮಂದಿ ಹೊರಗೆ ಕಾಲಿಡಲಾಗದೆ ಕುಳಿತಾಗ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. ಹದಿನಾಲ್ಕು ಗುಳಿಗಳ ಆ ಮಣೆಯಲ್ಲಿ ಇಬ್ಬರು ಆಡುವುದು ರೂಢಿ. ಆದರೆ ಒಬ್ಬಳೇ ಕುಳಿತು ಕಾಯಿ ಹಂಚುತ್ತ ಹೋಗುವ ಒಂದು ಬಗೆಯೂ ಉಂಟು. ಅದಕ್ಕೆ ಸೀತೆಯ ಆಟವೆಂದು ಹೆಸರು. ತಮಿಳರಲ್ಲೂ ಸೀತೆಯ ಹೆಸರಿನದೇ ಒಂಟಿ ಆಟವಿದೆ. ಅಶೋಕವನದಲ್ಲಿ ಸೀತೆ ಹೊತ್ತು ಕಳೆಯಲು ಇದನ್ನು ಆಡುತ್ತಿದ್ದಳೆಂದು ಜನ ಹೇಳುತ್ತಾರೆ. ವಾಲ್ಮೀಕಿಯಲ್ಲಿ ಹುಡುಕಬೇಡಿ. ಪರಸ್ಥಳದಲ್ಲಿ, ಭಾಷೆಯರಿಯದವರ ನಡುವೆ, ಬರುವವರ ದಾರಿ ಕಾಯುತ್ತ ಕುಳಿತ ಹೆಣ್ಣಿಗೆ ಕೈಗೊಂದು ಆಟ ಬೇಕೆಂದು ನಮ್ಮ ಅಜ್ಜಿಯರಿಗೆ ತೋಚಿತಲ್ಲ, ಅದು ದೊಡ್ಡದು.

ಇನ್ನೊಂದು ನೆನಪು ಮೈಸೂರಿನದು. ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಐದು ವರ್ಷದ ಬಾಲಕರಾಗಿ ಪಟ್ಟವೇರಿದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ ಅವರದು ರಾಜ್ಯವಿಲ್ಲದ ಸಿಂಹಾಸನ. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗ ‘ಕೌತುಕನಿಧಿ’ ಪೂರ್ತಿ ಆಟಗಳಿಗೆ ಮೀಸಲು. ಗಂಜೀಫದ ದುಂಡನೆಯ ಎಲೆಗಳಿಂದ ಆಡುವ, ಮುನ್ನೂರಕ್ಕೂ ಹೆಚ್ಚು ಎಲೆ ಬೇಡುವ ಆಟಗಳೂ ಅದರಲ್ಲಿವೆ. ಚದುರಂಗದ ಹಲಗೆಯ ಮೇಲೆ ಒಂದೇ ಒಂದು ಕುದುರೆಯನ್ನು ಅರವತ್ತನಾಲ್ಕು ಮನೆಗಳಿಗೂ ತಲಾ ಒಂದೇ ಸಲ ಹಾಯಿಸುವ ಸಮಸ್ಯೆಯನ್ನು ಅರಸರು ಹಲವು ಬಗೆಯಲ್ಲಿ ಬಿಡಿಸಿಟ್ಟಿದ್ದಾರೆ. ಎದುರಾಳಿಯಿಲ್ಲದ ಆಟವದು. ಆಳಲು ನಾಡು ಉಳಿಯದವರು ಅರವತ್ತನಾಲ್ಕು ಮನೆಗಳನ್ನು ಕ್ರಮಕ್ಕೆ ತಂದರು ಎಂದು ನನಗೆ ಅನ್ನಿಸುತ್ತದೆ. ಪಂಡಿತರು ಒಪ್ಪದಿದ್ದರೆ ಬಿಡಲಿ.

ಒಂಟಿ ಇಸ್ಪೀಟಿನ ಜನ್ಮಭೂಮಿ ಮಾತ್ರ ಉತ್ತರ ಯೂರೋಪು. ಅದರ ವಿವರಣೆ ಮೊದಲು ಸಿಗುವುದು 1783ರ ಒಂದು ಜರ್ಮನ್ ಆಟಗಳ ಪುಸ್ತಕದಲ್ಲಿ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸ್ವೀಡನ್, ರಷ್ಯಾಗಳಲ್ಲೂ ಇದರ ಪುಸ್ತಕಗಳು ಅಚ್ಚಾದವು. ಮೊದಮೊದಲು ಇದು ಬರೀ ಆಟವಾಗಿರದೆ ಶಕುನವೂ ಆಗಿದ್ದಿರಬೇಕು ಎಂದು ಚರಿತ್ರೆಕಾರರು ಊಹಿಸುತ್ತಾರೆ. ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ಎಲೆ ಹಾಸುವುದು. ಆಟ ಬಿಡಿಸಿಕೊಂಡರೆ ಕಾರ್ಯಸಿದ್ಧಿ, ಕಟ್ಟಿಕೊಂಡರೆ ಇಲ್ಲ. ನಮ್ಮವರು ದೇವರ ಮುಂದೆ ಹೂ ಪ್ರಸಾದ ಕೇಳುವಂತೆ. ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್ ಇದನ್ನೇ ಆಡುತ್ತ ದಿನ ನೂಕಿದನೆಂಬ ಕಥೆಯನ್ನು ಎಲ್ಲರೂ ಬರೆಯುತ್ತಾರೆ, ಅವನ ಹೆಸರಿನ ಆಟಗಳೂ ಇವೆ. ಅವನು ಆಡುತ್ತಿದ್ದುದು ಜೊತೆಗಾರರೊಡನೆ ಆಡುವ ಬೇರೆ ಇಸ್ಪೀಟೆಂದು ತಿಳಿದವರು ಹೇಳುತ್ತಾರೆ. ಆದರೂ ಕಥೆ ಸಾಯಲಿಲ್ಲ. ಸೋತು ಒಂಟಿಯಾದ ಚಕ್ರವರ್ತಿಗೆ ಈ ಆಟ ಒಪ್ಪುತ್ತದೆಂದು ಜನಕ್ಕೆ ಕಂಡಿರಬೇಕು. ಇಂಗ್ಲೆಂಡಿನಲ್ಲಿ 1870ರ ದಶಕದ ಹೊತ್ತಿಗೆ ಲೇಡಿ ಅಡಿಲೇಡ್ ಕಡೋಗನ್ ಎಂಬ ಕುಲೀನ ಮಹಿಳೆ ಬರೆದ ಚಿತ್ರಸಹಿತ ಕೈಪಿಡಿ ಮನೆಮನೆಗೂ ಹೊಕ್ಕಿತು. ಹೆಂಗಸರು, ರೋಗಿಗಳು, ಮುದುಕರು ಇದರ ಮುಖ್ಯ ಗಿರಾಕಿಗಳಾದರು.

ನಾವು ಕಂಪ್ಯೂಟರಿನಲ್ಲಿ ಆಡುವ ಬಗೆಗೆ ‘ಕ್ಲಾಂಡೈಕ್’ ಎಂದು ಹೆಸರು. ಕೆನಡಾದ ಯೂಕಾನ್ ಸೀಮೆಯಲ್ಲಿ ಆ ಹೆಸರಿನ ನದಿಯಿದೆ. 1896ರಲ್ಲಿ ಅಲ್ಲಿ ಚಿನ್ನ ಸಿಕ್ಕಿತೆಂದು ಕೇಳಿ ಸುಮಾರು ಒಂದು ಲಕ್ಷ ಜನ ಮಂಜಿನಲ್ಲಿ ಬಿದ್ದೆದ್ದು ಓಡಿದರು. ಮನೆಯಿಂದ ಸಾವಿರಾರು ಮೈಲಿ ದೂರ, ಆರು ತಿಂಗಳ ಚಳಿ, ಗುಡಾರದಲ್ಲಿ ಒಂದು ದೀಪ. ಆ ಕಾಲದಲ್ಲೇ ಹೆಸರು ಅಂಟಿಕೊಂಡಿತೆನ್ನುತ್ತಾರೆ.

ಆಡದವರಿಗಾಗಿ ಕ್ರಮವನ್ನು ಚುಟುಕಾಗಿ ಹೇಳುತ್ತೇನೆ. ಮೊದಲ ಸಾಲಿಗೆ ಒಂದು ಎಲೆ, ಎರಡನೆಯದಕ್ಕೆ ಎರಡು, ಹೀಗೆ ಏಳನೆಯದಕ್ಕೆ ಏಳು, ಒಟ್ಟು ಇಪ್ಪತ್ತೆಂಟು. ಪ್ರತಿ ಸಾಲಿನ ಕೊನೆಯ ಎಲೆ ಮಾತ್ರ ಮುಖ ತೋರಿಸುತ್ತದೆ, ಉಳಿದವು ಬೋರಲು. ಮಿಕ್ಕ ಇಪ್ಪತ್ತನಾಲ್ಕು ಎಲೆ ಕೈಕಟ್ಟಿನಲ್ಲಿ. ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು ಬರುವಂತೆ ಇಳಿಕ್ರಮದಲ್ಲಿ ಜೋಡಿಸಬೇಕು: ಆಟೀನು ರಾಣಿಯ ಮೇಲೆ ಇಸ್ಪೀಟು ಗುಲಾಮ, ಅದರ ಮೇಲೆ ಡೈಮನ್ನು ಹತ್ತು. ಎಲೆ ಸರಿದಂತೆಲ್ಲ ಅದರಡಿಯ ಬೋರಲು ಎಲೆ ಮುಖ ತೋರುತ್ತದೆ. ಎಕ್ಕ ಸಿಕ್ಕರೆ ಮೇಲೆ ಒಯ್ದು, ಅದರ ಮೇಲೆ ಅದೇ ಜಾತಿಯ ಎರಡು, ಮೂರು, ನಾಲ್ಕು ಎಂದು ರಾಜನವರೆಗೆ ಏರಿಸಬೇಕು. ನಾಲ್ಕು ಜಾತಿಯೂ ಪೂರ್ತಿಯಾದರೆ ಆಟ ಗೆದ್ದಂತೆ. ಕಲಸಿಹೋದದ್ದನ್ನು ಒಪ್ಪವಾಗಿ ಜೋಡಿಸುವುದು, ಇಷ್ಟೇ. ದಿನವಿಡೀ ಕಡತ ಜೋಡಿಸಿ ದಣಿದವನು ವಿಶ್ರಾಂತಿಗೆಂದು ಮತ್ತೆ ಜೋಡಿಸುವ ಕೆಲಸವನ್ನೇ ಹಿಡಿಯುವುದು ವಿಚಿತ್ರವೇ ಸರಿ. ಆದರೆ ಕಡತ ಎಂದೂ ಮುಗಿಯುವುದಿಲ್ಲ. ಇದು ಐದು ನಿಮಿಷದಲ್ಲಿ, ಹೀಗೋ ಹಾಗೋ, ಮುಗಿಯುತ್ತದೆ.

ಈ ಆಟದಿಂದ ವಿಜ್ಞಾನಕ್ಕೆ ಆದ ಒಂದು ಉಪಕಾರವನ್ನು ಹೇಳದೆ ಮುಂದೆ ಹೋಗಲಾರೆ, ಬಿ.ಎಸ್ಸಿ. ಓದಿ ಗುಮಾಸ್ತನಾದವನ ಚಪಲವೆಂದು ವಾಚಕರು ಮನ್ನಿಸಬೇಕು. ಸ್ಟಾನಿಸ್ಲಾ ಉಲಾಮ್ ಪೋಲೆಂಡ್ ಮೂಲದ ಗಣಿತಜ್ಞರು, ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬಿನ ಕೆಲಸದಲ್ಲಿದ್ದವರು. 1946ರಲ್ಲಿ ಅವರಿಗೆ ಮಿದುಳಿನ ಉರಿಯೂತ ಬಂದು ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಅವರು ‘ಕ್ಯಾನ್‌ಫೀಲ್ಡ್’ ಎಂಬ ಬಗೆಯ ಒಂಟಿ ಇಸ್ಪೀಟು ಆಡುತ್ತಿದ್ದರು. ಒಂದು ಪ್ರಶ್ನೆ ಹೊಳೆಯಿತು: ಐವತ್ತೆರಡು ಎಲೆ ಕಲಸಿ ಹಾಸಿದರೆ ಆಟ ಬಿಡಿಸಿಕೊಳ್ಳುವ ಸಂಭವ ಎಷ್ಟು? ಲೆಕ್ಕ ಹಾಕಹೋದರು. ಐವತ್ತೆರಡು ಎಲೆಗಳನ್ನು ಜೋಡಿಸಬಹುದಾದ ಬಗೆಗಳ ಸಂಖ್ಯೆ ಬರೆದರೆ ಎಂಟರ ಮುಂದೆ ಅರವತ್ತೇಳು ಅಂಕಿ ಬರುತ್ತವೆ. ಸೂತ್ರ ಕೈಗೆ ಸಿಗುವಂತಿರಲಿಲ್ಲ. ಆಗ ಅವರಿಗೆ ತೋಚಿದ್ದು ಹಳ್ಳಿಯವನಿಗೂ ತೋಚಬಹುದಾದ ಉಪಾಯ: ಸುಮ್ಮನೆ ನೂರು ಸಲ ಆಡಿ, ಎಷ್ಟು ಸಲ ಗೆದ್ದೆವೆಂದು ಎಣಿಸಿದರಾಗದೇ?

ಆ ಉಪಾಯವನ್ನು ಉಲಾಮ್ ತಮ್ಮ ಮಿತ್ರ ಜಾನ್ ಫಾನ್ ನಾಯ್‌ಮನ್ನರಿಗೆ ಹೇಳಿದರು. ಅಣು ಸಿಡಿಯುವಾಗ ಅದರೊಳಗಿನ ನ್ಯೂಟ್ರಾನುಗಳು ಎತ್ತ ಹಾಯುತ್ತವೆ ಎಂಬುದೂ ಹೀಗೆಯೇ ಸೂತ್ರಕ್ಕೆ ಸಿಗದ ಪ್ರಶ್ನೆಯಾಗಿತ್ತು. ಎಲೆ ಕಲಸುವ ಬದಲು ಯಂತ್ರದಿಂದ ಸಂಖ್ಯೆ ಕಲಸಿ, ಒಂದೊಂದು ನ್ಯೂಟ್ರಾನಿನ ಬಾಳನ್ನೂ ಸಾವಿರಾರು ಸಲ ಆಡಿ ನೋಡುವುದೆಂದಾಯಿತು. 1948ರಲ್ಲಿ ಎನಿಯಾಕ್ ಎಂಬ, ಸುಮಾರು 18,000 ವಾಲ್ವುಗಳ ಆದಿಕಾಲದ ಕಂಪ್ಯೂಟರಿನ ಮೇಲೆ ಈ ಲೆಕ್ಕ ನಡೆಯಿತು. ಉಲಾಮರ ಸೋದರಮಾವನೋ ಚಿಕ್ಕಪ್ಪನೋ ಒಬ್ಬರು ಸಾಲ ಮಾಡಿ ಜೂಜಾಡಲು ಮಾಂಟೆ ಕಾರ್ಲೊಗೆ ಓಡುತ್ತಿದ್ದರೆಂದು ಸಹೋದ್ಯೋಗಿ ನಿಕೊಲಾಸ್ ಮೆಟ್ರೊಪೊಲಿಸ್ ಈ ವಿಧಾನಕ್ಕೆ ಆ ಊರಿನ ಹೆಸರನ್ನೇ ಇಟ್ಟರು. ಇಂದು ಷೇರುಪೇಟೆಯಿಂದ ಹವಾಮಾನದವರೆಗೆ ಮಾಂಟೆ ಕಾರ್ಲೊ ವಿಧಾನ ಬಳಸದ ಶಾಸ್ತ್ರವಿಲ್ಲ. ಇಸ್ಪೀಟು ಕಂಪ್ಯೂಟರಿನೊಳಗೆ ಹೊಕ್ಕಿತೆಂದು ನಾವು ಹೇಳುತ್ತೇವೆ. ನೋಡಿದರೆ, ಕಂಪ್ಯೂಟರಿನ ಬಹುದೊಡ್ಡ ಕೆಲಸಗಳಲ್ಲೊಂದು ಇಸ್ಪೀಟಿನಿಂದ ಹುಟ್ಟಿತು. ಅದೂ ಕೆಲಸ ಮಾಡಲಾಗದೆ ಮಲಗಿದ ರೋಗಿಯ ಕೈಯಿಂದ.

ಈಗ ನಮ್ಮ ಮೇಜಿನ ಮೇಲಿನ ಆಟಕ್ಕೆ ಬರೋಣ. 1988ರ ಬೇಸಿಗೆಯಲ್ಲಿ ವೆಸ್ ಚೆರಿ ಎಂಬ ಕಾಲೇಜು ಹುಡುಗ ಮೈಕ್ರೋಸಾಫ್ಟಿನಲ್ಲಿ ತರಬೇತಿಗೆ ಸೇರಿದ್ದ. ಪರೀಕ್ಷೆಗೆ ಓದುವುದನ್ನು ಬಿಟ್ಟು ಮ್ಯಾಕಿಂತಾಷ್ ಕಂಪ್ಯೂಟರಿನಲ್ಲಿ ಒಂಟಿ ಇಸ್ಪೀಟು ಆಡಿ ರುಚಿ ಹತ್ತಿದವನು. ವಿಂಡೋಸಿಗೆ ಅಂಥದೊಂದಿಲ್ಲವಲ್ಲ ಎಂದು ಬಿಡುವಿನ ವೇಳೆಯಲ್ಲಿ ತಾನೇ ಬರೆದ. ಎಲೆಗಳ ಚಿತ್ರ ಬಿಡಿಸಿಕೊಟ್ಟವರು ಸೂಸನ್ ಕೇರ್. ಮೊದಲ ಮ್ಯಾಕಿಂತಾಷಿನ ಪರದೆಯ ಪುಟ್ಟ ಗುರುತುಗಳನ್ನು ರಚಿಸಿ ಹೆಸರಾದ ಕಲಾವಿದೆ. 1990ರ ಮೇ 22ರಂದು ವಿಂಡೋಸ್ 3.0 ಹೊರಬಂದಾಗ ಆಟ ಅದರೊಂದಿಗೆ ಪುಕ್ಕಟೆಯಾಗಿ ಲೋಕಕ್ಕೆಲ್ಲ ಹಂಚಿಹೋಯಿತು. ಚೆರಿಗೆ ಬಂದ ರಾಯಧನ ಸೊನ್ನೆ. ಕಾಲೇಜಿಗೆ ಮರಳಿದ ಮೇಲೆ ತಪ್ಪು ತಿದ್ದಿಕೊಡಲೆಂದು ಒಂದು ಕಂಪ್ಯೂಟರು ಕೊಟ್ಟಿದ್ದರೆಂದು ಆತನೇ ಹೇಳಿದ್ದಾನೆ. ಆತ ಮುಂದೆ ವಾಷಿಂಗ್ಟನ್ ರಾಜ್ಯದ ವ್ಯಾಷನ್ ಎಂಬ ದ್ವೀಪದಲ್ಲಿ ಸೇಬು ಬೆಳೆದು, ಅದರ ಮದ್ಯ ತಯಾರಿಸುವ ಕಸುಬು ಹಿಡಿದ.

ಆತ ಮೊದಲು ಬರೆದುದರಲ್ಲಿ ಒಂದು ಚಮತ್ಕಾರವಿತ್ತು. ಮೇಲಧಿಕಾರಿ ಬರುವ ಸಪ್ಪಳ ಕೇಳಿದರೆ ಒಂದು ಗುಂಡಿ ಒತ್ತಬೇಕು. ಇಸ್ಪೀಟು ಮಾಯವಾಗಿ ಲೆಕ್ಕಪತ್ರದ ಕೋಷ್ಟಕ ಪರದೆ ತುಂಬುತ್ತದೆ. ಕಂಪನಿ ಅದನ್ನು ತೆಗೆಸಿತು. ತೆಗೆಸದಿದ್ದರೆ ಜಗತ್ತಿನ ಕಛೇರಿಗಳ ಚರಿತ್ರೆ ಸ್ವಲ್ಪ ಬೇರೆಯಾಗಿರುತ್ತಿತ್ತು.

ಕಂಪನಿ ಇದನ್ನು ಹಂಚಲು ಕಾರಣವಿತ್ತು. ಅದುವರೆಗೆ ಕಂಪ್ಯೂಟರೆಂದರೆ ಕಪ್ಪು ಪರದೆ, ಅದರ ಮೇಲೆ ಅಕ್ಷರ ತಪ್ಪದೆ ಟೈಪು ಮಾಡಬೇಕಾದ ಆಜ್ಞೆಗಳು. ಈಗ ಬಂದ ಹೊಸ ಪದ್ಧತಿಯಲ್ಲಿ ಮೌಸ್ ಹಿಡಿದು, ತೋರಿಸಿ, ಒತ್ತಿ, ಒತ್ತಿದ್ದನ್ನು ಬಿಡದೆ ಎಳೆದು, ಸರಿಯಾದ ಜಾಗದಲ್ಲಿ ಬಿಡಬೇಕು. ಬರಹದಲ್ಲಿ ಸುಲಭ, ಕೈಗೆ ಅಷ್ಟು ಸುಲಭವಲ್ಲ. ಎಲೆಯನ್ನು ಎಳೆದು ಇನ್ನೊಂದು ಎಲೆಯ ಮೇಲಿಡುವ ಆಟ ಆಡಿದವನಿಗೆ ಅದು ತಾನಾಗಿ ಬರುತ್ತದೆ. ಗಾಬರಿಯೂ ಕಳೆಯುತ್ತದೆ.

ನಮ್ಮ ದೇಶದಲ್ಲಿ ಈ ಗಾಬರಿಗೆ ಬೇರೆ ಬೇರು ಇತ್ತು. 1960ರ ದಶಕದಲ್ಲಿ ಕಲಕತ್ತೆಯ ಜೀವವಿಮಾ ನೌಕರರು ಕಂಪ್ಯೂಟರನ್ನು ಒಳಗೆ ಬಿಡೆವೆಂದು ಕಟ್ಟಡವನ್ನೇ ಕಾವಲು ಕಾದಿದ್ದರು. ಎಂಬತ್ತರ ದಶಕದಲ್ಲಿ ಬ್ಯಾಂಕು ನೌಕರರ ಸಂಘಗಳೂ ಎದುರು ನಿಂತವು. ಅದು ಅನ್ನದ ಭಯ. ಯಾವ ಆಟವೂ ಅದನ್ನು ನೀಗಿಸುವಂತಿರಲಿಲ್ಲ. ಅದು ಅಡಗಿದ ಮೇಲೂ ಉಳಿದದ್ದು ಕೈಯ ಭಯ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸುಮಾರು 2005ರಲ್ಲಿ, ನಮ್ಮ ಶಾಖೆಯಲ್ಲಿ ಕೊಂಕಣದ ಕಡೆಯ ಒಬ್ಬ ಹಿರಿಯ ಗುಮಾಸ್ತರಿದ್ದರು. ನಿವೃತ್ತಿಗೆ ನಾಲ್ಕು ವರ್ಷ ಬಾಕಿ. ಮುತ್ತಿನಂಥ ಅಕ್ಷರ. ಸಂಬಳದ ಬಿಲ್ಲೆಲ್ಲ ಇನ್ನು ಕಂಪ್ಯೂಟರಿನಲ್ಲೇ ಎಂದು ಸುತ್ತೋಲೆ ಬಂದ ದಿನ ಅವರು ಊಟದ ಡಬ್ಬಿಯನ್ನೇ ಬಿಚ್ಚಲಿಲ್ಲ. ಮೌಸನ್ನು ರಬ್ಬರು ಮೊಹರಿನಂತೆ ಎತ್ತಿ ಒತ್ತುತ್ತಿದ್ದರು. ಬಾಣದ ಗುರುತು ಪರದೆಯ ಮೂಲೆಗೆ ಓಡಿಹೋಗುತ್ತಿತ್ತು. ಡೇಟಾ ಎಂಟ್ರಿಯ ಹುಡುಗನೊಬ್ಬ ಇಸ್ಪೀಟು ತೆರೆದು ಕೊಟ್ಟು, “ಕಾಕಾ, ಎಂಟು ದಿನ ಬಿಲ್ಲು ಮುಟ್ಟಬೇಡಿ, ಇದನ್ನೇ ಆಡಿ,” ಎಂದ. ದೊಡ್ಡವರ ಮುಂದೆ ಆಡುವುದೆಂತೆಂದು ಸಂಕೋಚಪಟ್ಟು, ಊಟದ ಬಿಡುವಿನಲ್ಲಿ ಮಾತ್ರ ಆಡಿದರು. ಮೂರನೆಯ ವಾರ ಬಿಲ್ಲು ಅವರ ಕೈಯಿಂದಲೇ ಹೋಯಿತು. ಇಂಥ ಕಾಕಾ ಒಬ್ಬರಿಲ್ಲದ ಕಛೇರಿ ಆಗ ಇದ್ದಿರಲಾರದು.

ಇದರ ಒಡಹುಟ್ಟುಗಳೂ ಬಂದವು. 1992ರ ವಿಂಡೋಸ್ 3.1ರೊಂದಿಗೆ ನೆಲಬಾಂಬು ಹುಡುಕುವ ‘ಮೈನ್‌ಸ್ವೀಪರ್’ ಬಂತು. ನಿಜವಾದ ನೆಲಬಾಂಬುಗಳಿಗೆ ಜನ ಕಾಲು ಕಳೆದುಕೊಳ್ಳುತ್ತಿರುವಾಗ ಇದೆಂಥ ಆಟವೆಂದು ಇಟಲಿಯಿಂದ ಆಕ್ಷೇಪವೆದ್ದು, ಮುಂದೆ ವಿಂಡೋಸ್ ವಿಸ್ತಾದಲ್ಲಿ ಬಾಂಬಿನ ಬದಲು ಹೂವು ಇಟ್ಟುಕೊಳ್ಳುವ ಅನುಕೂಲ ಮಾಡಿದರು. ವಿಂಡೋಸ್ 95ರಲ್ಲಿ ಮನೆಮಾತಾದ ‘ಫ್ರೀಸೆಲ್’ ಅನ್ನು ಪಾಲ್ ಆಲ್ಫಿಲ್ ಎಂಬವರು 1978ರಲ್ಲೇ ಇಲಿನಾಯ್ ವಿಶ್ವವಿದ್ಯಾಲಯದ ಕಂಪ್ಯೂಟರಿಗಾಗಿ ರಚಿಸಿದ್ದರು. ವಿಂಡೋಸಿನ ಫ್ರೀಸೆಲ್‌ನಲ್ಲಿ 32,000 ಹಂಚಿಕೆಗಳಿದ್ದವು, ಒಂದೊಂದಕ್ಕೂ ಒಂದು ಸಂಖ್ಯೆ. 1994–95ರಲ್ಲಿ ನೂರಾರು ಆಸಕ್ತರು ತಮ್ಮತಮ್ಮಲ್ಲಿ ಹಂಚಿಕೊಂಡು ಎಲ್ಲವನ್ನೂ ಆಡಿದರು. ಬಿಡಿಸಲಾಗದೆ ಉಳಿದದ್ದು ಒಂದೇ: 11,982ನೆಯದು. ಆಮೇಲೆ ಕಂಪ್ಯೂಟರುಗಳೂ ಅದು ಬಿಡದ ಗಂಟೆಂದೇ ಹೇಳಿದವು. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಈ ಸುದ್ದಿ ತಿಳಿಯದೆ ಆ ಸಂಖ್ಯೆಯ ಮುಂದೆ ಕುಳಿತ ಬಡಪಾಯಿಗಳಿದ್ದರು.

ಪುಕ್ಕಟೆ ಆಟಕ್ಕೆ ಬೆಲೆ ತೆತ್ತವರೂ ಇದ್ದಾರೆ. 2006ರಲ್ಲಿ ನ್ಯೂಯಾರ್ಕಿನ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಆಲ್ಬನಿ ಪಟ್ಟಣದಲ್ಲಿರುವ ತಮ್ಮ ನಗರಾಡಳಿತದ ಕಛೇರಿಗೆ ಭೇಟಿ ಕೊಟ್ಟರು. ನೌಕರರ ಕೈಕುಲುಕುತ್ತ ಬಂದವರಿಗೆ ಒಬ್ಬನ ಪರದೆಯ ಮೇಲೆ ಸಾಲಿಟೇರ್ ಕಾಣಿಸಿತು. ಅಲ್ಲಿ ಏನೂ ಅನ್ನಲಿಲ್ಲ. ಆಮೇಲೆ ಆ ನೌಕರನನ್ನು ಕೆಲಸದಿಂದ ತೆಗೆದರು. ಆರು ವರ್ಷ ದುಡಿದಿದ್ದವನು. ವರ್ಷದ ಸಂಬಳ 27,428 ಡಾಲರು. ಕೆಲಸ ಮುಗಿದಾಗ ಸಿಗುವ ಸಣ್ಣ ಬಿಡುವಿನಲ್ಲಿ ಮಾತ್ರ ಆಡುತ್ತಿದ್ದೆನೆಂದು ಅವನೆಂದ. ಕೆಲಸದ ಜಾಗ ಆಟಕ್ಕಲ್ಲವೆಂದು ಮೇಯರರು ಪತ್ರಿಕೆಗಳಿಗೆ ಹೇಳಿದರು. ಅದೂ ಸರಿಯೇ, ಸರಕಾರದ ಸಂಬಳ ಪಡೆಯುವ ನಾನು ಇಲ್ಲವೆನ್ನಲಾರೆ. ಆದರೆ ಅದೇ ಹೊತ್ತಿನಲ್ಲಿ ಒಬ್ಬ ಬೀಡಿ ಸೇದಲು ಹೊರಗೆ ನಿಂತಿರುತ್ತಾನೆ, ಇನ್ನೊಬ್ಬ ಮೂರನೆಯ ಚಹಾಕ್ಕೆ ಇಳಿದಿರುತ್ತಾನೆ, ಮತ್ತೊಬ್ಬ ಕಡತ ತೆರೆದಿಟ್ಟು ಮಗಳ ಮದುವೆಯ ಲೆಕ್ಕ ಹಾಕುತ್ತಿರುತ್ತಾನೆ. ಇವರ ಬಿಡುವು ಪರದೆಯ ಮೇಲೆ ಕಾಣುವುದಿಲ್ಲ. ಒಂದು ಮಾತಿನ ಎಚ್ಚರಿಕೆಯಲ್ಲಿ ಮುಗಿಯಬೇಕಾದದ್ದಕ್ಕೆ ಅನ್ನ ಕಿತ್ತುಕೊಂಡದ್ದು ದಂಡನೆಯ ಅಳತೆ ತಪ್ಪಿದ್ದೆಂದೇ ನನ್ನ ಎಣಿಕೆ.

ಇಂಥ ಆಟದಿಂದ ಮನಸ್ಸು ಹಗುರಾಗುವುದು ನಿಜವೇ, ಬರೀ ಭ್ರಮೆಯೇ? ಇದರ ಬಗ್ಗೆ ಒಳ್ಳೆಯ ಪರೀಕ್ಷೆ ನಡೆದಿರುವುದು ಇಸ್ಪೀಟಿನ ಮೇಲಲ್ಲ, ಅದರ ದಾಯಾದಿಯಾದ ‘ಟೆಟ್ರಿಸ್’ ಮೇಲೆ. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಾಜಿಟ್ನೊವ್ ರಚಿಸಿದ ಆಟವದು. ಮೇಲಿಂದ ಬೀಳುವ ನಾಲ್ಕು ಚೌಕಗಳ ತುಂಡುಗಳನ್ನು ತಿರುಗಿಸಿ ಸಂದಿಲ್ಲದೆ ಜೋಡಿಸಬೇಕು. ಆಕ್ಸ್‌ಫರ್ಡಿನಲ್ಲಿ ಎಮಿಲಿ ಹೋಮ್ಸ್ ಮತ್ತು ಸಂಗಡಿಗರು 2009ರಲ್ಲಿ ಒಂದು ಪ್ರಯೋಗ ಮಾಡಿದರು. ಮೈ ನಡುಗಿಸುವ ದೃಶ್ಯಗಳ ಚಿತ್ರವನ್ನು ತೋರಿಸಿ, ಅರ್ಧ ಗಂಟೆಯ ಬಳಿಕ ಕೆಲವರಿಗೆ ಹತ್ತು ನಿಮಿಷ ಟೆಟ್ರಿಸ್ ಕೊಟ್ಟರು. ಆಡಿದವರಿಗೆ ಮುಂದಿನ ವಾರ ಆ ದೃಶ್ಯಗಳು ಕಣ್ಮುಂದೆ ಬಂದು ಕಾಡುವುದು ಕಡಿಮೆಯಾಯಿತು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನೇರವಾಗಿ ಆಸ್ಪತ್ರೆಗೇ ಹೋಯಿತು: ರಸ್ತೆ ಅಪಘಾತದಲ್ಲಿ ಸಿಕ್ಕಿ ತುರ್ತು ವಿಭಾಗಕ್ಕೆ ಬಂದ 71 ಜನ. ಅವರಲ್ಲಿ ಅರ್ಧದಷ್ಟು ಜನರಿಗೆ, ಘಟನೆಯಾಗಿ ಆರು ಗಂಟೆಯೊಳಗೆ, ಅದನ್ನು ಒಮ್ಮೆ ನೆನಪಿಸಿ ಟೆಟ್ರಿಸ್ ಆಡಿಸಿದರು. ಒಂದು ವಾರದಲ್ಲಿ ಅವರಿಗೆ ಬಂದ ಕಾಡುವ ನೆನಪುಗಳು ಉಳಿದವರಿಗಿಂತ ಅರ್ಧಕ್ಕೂ ಕಡಿಮೆ. ಮನಸ್ಸಿನ ಕಣ್ಣಿಗೆ ಒಂದು ಹೊತ್ತಿಗೆ ಹಿಡಿಯುವುದು ಸ್ವಲ್ಪವೇ. ಆಟದ ಬಣ್ಣ ಆಕಾರಗಳು ಆ ಜಾಗ ತುಂಬಿದರೆ ಭೀಕರ ಚಿತ್ರ ಗಟ್ಟಿಯಾಗಿ ಊರುವುದಿಲ್ಲ ಎಂಬುದು ಅವರು ಕೊಡುವ ವಿವರಣೆ. ಟೆಟ್ರಿಸಿಗೆ ಹೇಳಿದ್ದು ಇಸ್ಪೀಟಿಗೂ ಸಲ್ಲುತ್ತದೆಂದು ನಾನು ಸಾಧಿಸಹೋಗುವುದಿಲ್ಲ. ಆದರೆ ಕೈಗೂ ಕಣ್ಣಿಗೂ ಸಣ್ಣ ಕೆಲಸ ಕೊಟ್ಟರೆ ಚಿಂತೆ ಸ್ವಲ್ಪ ಸರಿದು ಕೂರುತ್ತದೆಂಬುದು ಜಪಮಣಿ ಎಣಿಸುವವರಿಗೂ, ಹೂ ಕಟ್ಟುವವರಿಗೂ, ಚೆನ್ನೆಮಣೆಯ ಅಜ್ಜಿಯರಿಗೂ ಗೊತ್ತಿದ್ದದ್ದೇ.

ಹಳೆಯ ಸಾಲಿಟೇರಿನ ಗುಣ ಅದು ಆಡುವವನಿಂದ ಏನನ್ನೂ ಬಯಸುತ್ತಿರಲಿಲ್ಲ ಎಂಬುದು. ಆಡದೆ ಹೋದರೆ ಕರೆಯುತ್ತಿರಲಿಲ್ಲ, ಗೆದ್ದರೆ ಎಲೆಗಳು ಚೆಂಡಿನಂತೆ ಪುಟಿದು ಪರದೆ ತುಂಬಿ ಹರಿಯುತ್ತಿದ್ದವು, ಅಷ್ಟೇ ಬಹುಮಾನ. 2012ರ ವಿಂಡೋಸ್ 8ರಲ್ಲಿ ಆಟ ತಾನಾಗಿ ಬರುವುದು ನಿಂತಿತು. 2015ರ ವಿಂಡೋಸ್ 10ರಲ್ಲಿ ಮರಳಿತು, ಜಾಹೀರಾತನ್ನು ಬೆನ್ನಿಗೆ ಕಟ್ಟಿಕೊಂಡು. ಬೇಡವೆಂದರೆ ಚಂದಾ ಕಟ್ಟಬೇಕು. ದಿನದ ಪಂಥ, ಪದಕ, ಅಂಕಪಟ್ಟಿ ಎಲ್ಲ ಸೇರಿದವು. 2019ರಲ್ಲಿ ಅಮೆರಿಕದ ರಾಚೆಸ್ಟರಿನ ಆಟಗಳ ವಸ್ತುಸಂಗ್ರಹಾಲಯ ಇದನ್ನು ವಿಡಿಯೋ ಆಟಗಳ ಕೀರ್ತಿಮಂದಿರಕ್ಕೆ ಸೇರಿಸಿಕೊಂಡಿತು. 2020ರಲ್ಲಿ, ಆಟಕ್ಕೆ ಮೂವತ್ತು ತುಂಬಿದಾಗ, ತಿಂಗಳಿಗೆ ಮೂರೂವರೆ ಕೋಟಿ ಜನ ಆಡುತ್ತಾರೆಂದೂ ದಿನಕ್ಕೆ ಹತ್ತು ಕೋಟಿಗೂ ಮಿಕ್ಕಿ ಆಟ ನಡೆಯುತ್ತವೆಂದೂ ಕಂಪನಿ ಹೇಳಿತು.

ಮುಂಬಯಿಯ ಲೋಕಲಿನಲ್ಲಿ ನಾಲ್ವರು ಮೊಣಕಾಲ ಮೇಲೆ ಬ್ರೀಫ್‌ಕೇಸಿಟ್ಟು ಎಲೆ ಹಾಕುತ್ತಿದ್ದುದನ್ನು ನೋಡಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಈಗ ಅದೇ ಡಬ್ಬಿಯಲ್ಲಿ ನಾಲ್ವರಿಗೂ ನಾಲ್ಕು ಫೋನು. ಅದರೊಳಗಿನ ಆಟಗಳು ಅರ್ಧಕ್ಕೆ ನಿಂತು ನಾಣ್ಯ ಕೇಳುತ್ತವೆ, ರಾತ್ರಿ ಗಂಟೆ ಬಾರಿಸಿ ಎಬ್ಬಿಸುತ್ತವೆ. ಬಿಡುವಿಗೆಂದು ಬಂದ ಆಟವೇ ಬಿಡುವನ್ನು ಕಸಿಯುವ ಕಾಲ. ಹಣ ಕಟ್ಟಿ ಆಡುವ ರಮ್ಮಿಯಂಥವಂತೂ ಹಿರಿಯರು ಅಂಜುತ್ತಿದ್ದ ಊರಾಚೆಯ ಕ್ಲಬ್ಬನ್ನೇ ಕಿಸೆಗೆ ತಂದಿಟ್ಟವು. ಎಷ್ಟೋ ಮನೆ ಮುರಿದ ಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿ ಅಂಥ ಹಣದಾಟವನ್ನು ನಿಷೇಧಿಸಿತು. ಮನೆಗಳಲ್ಲಿ ಫೋನಿನ ಆಟವೆಂದು ಒಟ್ಟಾರೆ ಬೈಯುವವರು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದಕ್ಕಾಗಿ ಇಷ್ಟನ್ನೂ ಹೇಳಬೇಕಾಯಿತು.

ಕ್ಲಾಂಡೈಕ್ ಗೆಲ್ಲುವ ಸಂಭವ ಎಷ್ಟೆಂಬ ಪ್ರಶ್ನೆಗೆ ಉತ್ತರ ಬಹುಕಾಲ ಸಿಕ್ಕಿರಲಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಚಾರ್ಲಿ ಬ್ಲೇಕ್ ಮತ್ತು ಇಯಾನ್ ಜೆಂಟ್ 2019ರಲ್ಲಿ ಉತ್ತರ ಕೊಟ್ಟರು: ಮೂರು ಮೂರು ಎಲೆ ತಿರುಗಿಸುವ ಕ್ರಮದಲ್ಲಿ, ಬೋರಲು ಎಲೆಗಳೆಲ್ಲ ಯಾವುವೆಂದು ಮೊದಲೇ ಗೊತ್ತಿದ್ದರೆ, ನೂರಕ್ಕೆ ಸುಮಾರು 82 ಆಟ ಬಿಡಿಸಬಹುದು. ಅವರೂ ಹಿಡಿದದ್ದು ಉಲಾಮರ ದಾರಿಯನ್ನೇ. ಕಂಪ್ಯೂಟರಿನಿಂದ ಲಕ್ಷಗಟ್ಟಲೆ ಆಟ ಆಡಿಸಿ ಎಣಿಸಿದರು. ನಾವು ಗೆಲ್ಲುವುದು ಅದಕ್ಕಿಂತ ಎಷ್ಟೋ ಕಡಿಮೆ. ಬೋರಲಿರುವುದು ನಮಗೆ ಕಾಣುವುದಿಲ್ಲವಲ್ಲ.

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಅಜ್ಜಿ ಇದ್ದಾರೆ. ಯಜಮಾನರು ಹೋದ ಮೇಲೆ ಮಗನ ಮನೆಗೆ ಬಂದವರು. ಮಗ ಸೊಸೆ ಎಂಟಕ್ಕೆ ಲೋಕಲು ಹಿಡಿದರೆ ಮರಳುವುದು ರಾತ್ರಿ ಎಂಟಕ್ಕೆ. ಮರಾಠಿ ಬಾರದು, ಬಾಗಿಲಿಗೆ ಬಂದವರೊಡನೆ ಮಾತಿಲ್ಲ. ಮೊಮ್ಮಗ ಫೋನಿನಲ್ಲಿ ಇಸ್ಪೀಟು ಹಾಕಿಕೊಟ್ಟಿದ್ದ. ಪ್ರತಿ ಆಟಕ್ಕೂ ಜಾಹೀರಾತು ಅಡ್ಡ ಬಂದು ಎಲ್ಲೆಲ್ಲೋ ಬೆರಳು ತಾಗಿ ಅವರಿಗೆ ಹೆದರಿಕೆ ಹುಟ್ಟಿತು. ಕೊನೆಗೆ ದೊಡ್ಡ ಅಂಕಿಯ ಕಾಗದದ ಎಲೆ ತಂದುಕೊಟ್ಟರು. ಮಧ್ಯಾಹ್ನ ಮಂಚದ ಮೇಲೆ ಹಾಸಿಕೊಂಡು ಕೂಡುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಕಿನ ಚೌಕದೊಳಗೆ, ಬಿಡಿಸಿದ ಆಟಕ್ಕೊಂದು ಗೆರೆ, ಬಿಡದ ಆಟಕ್ಕೊಂದು ಸೊನ್ನೆ. ಉಲಾಮರ ಕಥೆಯನ್ನೂ ನೂರಕ್ಕೆ ಎಂಬತ್ತೆರಡರ ಲೆಕ್ಕವನ್ನೂ ಹೇಳಿದಾಗ ಕನ್ನಡಕ ಏರಿಸಿ ಕೇಳಿದರು. “ಹಂಗಾದ್ರ ಹದಿನೆಂಟು ಸಲ ಎಷ್ಟ ಶಾಣ್ಯಾ ಇದ್ರೂ ಬಿಡಾಂಗಿಲ್ಲ ಅನ್ರಿ,” ಎಂದರು. ಹೌದೆಂದೆ. “ಯಾವ ಹದಿನೆಂಟು ಅಂತ ಮೊದ್ಲ ತಿಳಿಯೂದಿಲ್ಲಲ್ರಿ?” ಇಲ್ಲವೆಂದೆ. ಅವರು ಎಲೆ ಕೂಡಿಸಿ, ಕಲಸಿ, ಮತ್ತೆ ಏಳು ಸಾಲು ಹಾಸತೊಡಗಿದರು. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಆಗಲೇ ನಾಲ್ಕು ಸೊನ್ನೆ, ಒಂದು ಗೆರೆ ಇದ್ದವು.